ಕಸ್ತೂರಿಗೆ ಕಳಿಸಿದ ಗುಲಾಬಿ ನೀರು

ಹನಿ ಬೀಳುವುದನ್ನು ಕಲ್ಯಾಣಮ್ಮ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು.

ಒಲೆಯ ಮೇಲೆ ತಾಮ್ರದ ಹಂಡೆ. ಹಂಡೆಯ ತಳದಲ್ಲಿ ಮಸ್ಕಿ ಹಳ್ಳದಿಂದ ಆರಿಸಿ ತಂದ ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಮಣ್ಣಿನ ಬೋಗುಣಿ, ಬೋಗುಣಿಯ ಸುತ್ತ ಗುಲಾಬಿ ಪಕಳೆ, ಪಕಳೆ ಮುಳುಗುವಷ್ಟು ಬಾವಿಯ ನೀರು. ಹಂಡೆಯ ಬಾಯಿಗೆ ಅಂಗಾತ ಮಲಗಿಸಿದ ಮುಚ್ಚಳ. ಅದರ ದುಂಡು ಹೊಟ್ಟೆ ಒಳಗೆ ಇಳಿಬಿದ್ದಿರುತ್ತಿತ್ತು. ಮೇಲಿನ ತಗ್ಗಿಗೆ ತಣ್ಣೀರು ಸುರಿದು, ಸಂದಿಗೆಲ್ಲ ಜೋಳದ ಹಿಟ್ಟು ಮೆತ್ತಿಬಿಟ್ಟರೆ ಆಮೇಲೆ ಕಣ್ಣಿಗೆ ಕೆಲಸವಿಲ್ಲ. ಹೂವಿನ ಆವಿ ಮೇಲೇರಿ, ತಣ್ಣಗಿನ ಹೊಟ್ಟೆಗೆ ತಾಗಿ ನೀರಾಗಿ, ಜಾರುತ್ತ ನಡುವಿಗೆ ಬಂದು ಬೋಗುಣಿಗೆ ಬೀಳಬೇಕು. ಆ ಸದ್ದು ಹೊರಗೆ ಕೇಳುವುದು ಬಹಳ ಸಣ್ಣಗೆ. ಕಲ್ಯಾಣಮ್ಮ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿ, ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದಕ್ಕಾಗಿ ಕಾಯುತ್ತಿದ್ದಳು. ಮೊದಲ ಹನಿ ಬಿದ್ದ ಕೂಡಲೇ ಎರಡು ಕುಳ್ಳು ಹಿಂದಕ್ಕೆಳೆದು ಉರಿ ಸಣ್ಣ ಮಾಡುವಳು. ಉರಿ ಹೆಚ್ಚಾದರೆ ನೀರಿಗೆ ಬೇಯಿಸಿದ ಸೊಪ್ಪಿನ ವಾಸನೆ ಬರುತ್ತದೆ. ಕಡಿಮೆಯಾದರೆ ಏನೂ ಬರುವುದಿಲ್ಲ.

ಅವಳ ಮನೆ ಹೂಗಾರರದು. ಗಂಡ ಅಮರಗುಂಡಪ್ಪ ದಿನವೂ ಬೆಳಗ್ಗೆ ಬುಟ್ಟಿ ಹೊತ್ತು ಗುಡ್ಡ ಹತ್ತಿ ಮಲ್ಲಯ್ಯನಿಗೆ ಹೂವು ಬಿಲ್ಪತ್ರಿ ಮುಟ್ಟಿಸಿ ಬರುವವನು. ಹಳ್ಳದ ದಂಡೆಯಲ್ಲಿ ಒಂದು ಬಾವಿ, ಬಾವಿಯ ಸುತ್ತ ನಾಕು ಮಡಿ ಗುಲಾಬಿ, ಒಂದಿಷ್ಟು ದುಂಡುಮಲ್ಲಿಗೆ, ದವನ. ಹೂವಿನ ಮನೆಯಲ್ಲಿ ಹೂವಿನ ನೀರು ಇಳಿಸುವುದು ಮೊದಲಿಂದ ಇದ್ದದ್ದಲ್ಲ. ಅದನ್ನು ಕಲಿಸಿದವಳು ಗುಲ್ಷನ್‌ಬೀ. ದರ್ಗಾದ ಚಾದರಕ್ಕೆ ಹೂವು ಒಯ್ಯಲು ಬರುತ್ತಿದ್ದ ಮುದುಕಿ. ಕಲ್ಯಾಣಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಕಟ್ಟೆಯ ಮೇಲೆ ಕೂತು, “ಬೇಟಿ, ಮಿಕ್ಕ ಹೂವು ತಿಪ್ಪಿಗಿ ಚೆಲ್ತೀಯಲ್ಲ, ಅದರ ಜೀವ ಅಲ್ಲೇ ಸಾಯ್ತದ” ಎಂದು ಬೈದು, ತಾನೇ ಹಂಡೆ ಇಡಿಸಿ ತೋರಿಸಿದ್ದಳು. ಒಂದು ಮಾತು ಮಾತ್ರ ಕಲ್ಯಾಣಮ್ಮ ತನ್ನದೇ ಸೇರಿಸಿಕೊಂಡಳು: ದೇವರಿಗೆ ಏರಿಸಿ ಇಳಿಸಿದ ಹೂವನ್ನು ಹಂಡೆಗೆ ಹಾಕಬಾರದು. ಹೊತ್ತು ಮೂಡುವ ಮುಂಚೆ ಕಿತ್ತದ್ದು, ಯಾರ ಮೈಮೇಲೂ ಕೂರದ್ದು ಅಷ್ಟೇ ನೀರಿಗೆ.

ಗುಲ್ಷನ್‌ಬೀ ಹೇಳಿದ ಇನ್ನೊಂದು ಮಾತೂ ಅವಳ ಮನಸ್ಸಿನಲ್ಲಿ ಉಳಿದಿತ್ತು. “ನಿನ್ನ ಕೈ ಪಳಗಿತು ಅಂತ ತಿಳಿಯೋದು ಯಾವಾಗ ಗೊತ್ತೇನು? ನೀರಿನ ಮ್ಯಾಲ ಒಂದು ಮಿಂಚು ತೇಲ್ತದ. ಅದು ಹೂವಿನ ರೂಹ್. ಆತ್ಮ. ಅದು ಕಂಡ ದಿನ ನನ್ನ ನೆನಸ್ಕೋ.” ಮುದುಕಿ ತೀರಿಹೋಗಿ ಬಹಳ ಕಾಲವಾಗಿತ್ತು. ಮಿಂಚು ಮಾತ್ರ ಕಲ್ಯಾಣಮ್ಮನಿಗೆ ಎಂದೂ ಕಂಡಿರಲಿಲ್ಲ. ಹೂವು ಕಡಿಮೆ, ಹಂಡೆ ಸಣ್ಣದು, ಅದಕ್ಕೇ ಇರಬಹುದು ಎಂದುಕೊಂಡು ಸುಮ್ಮನಾಗಿದ್ದಳು.

ಊರಿನ ಹೆಂಗಸರಿಗೆ ಅಷ್ಟು ಸಾಕಾಗುತ್ತಿತ್ತು. ಬೇಸಿಗೆಯ ಬೆವರುಸಾಲೆಗೆ, ಕಣ್ಣುರಿಗೆ, ಬಾಣಂತಿಯ ಮೈಗೆ ಆ ನೀರು ಬೇಕು. ಕಡಲೆಹಿಟ್ಟಿಗೆ ಕಲಸಿ ಮುಖಕ್ಕೆ ಹಚ್ಚುವರು. ಸೀಗೆಕಾಯಿಯಲ್ಲಿ ತಲೆ ತೊಳೆದ ಮೇಲೆ ಕೂದಲ ಬುಡಕ್ಕೆ ಚಿಮುಕಿಸುವರು. ಜಡೆ ಆರುವಾಗ ಓಣಿಯ ತುಂಬ ಯಾರ ಮನೆಯಲ್ಲಿ ಎಣ್ಣೆನೀರು ಎಂಬುದು ಗೊತ್ತಾಗಿಬಿಡುತ್ತಿತ್ತು.

ವರ್ಷಕ್ಕೊಮ್ಮೆ, ಗುಲಾಬಿ ಹೂಬಿಡುವ ಚಳಿಗಾಲ ಶುರುವಾಗುವ ಮುಂಚೆ, ಸಿಂಧನೂರಿನ ಲಾಡ್ಲೇಸಾಬ ತಿದಿ ಹೊತ್ತು ಬರುತ್ತಿದ್ದ. ಬೇವಿನ ಗಿಡದ ಕೆಳಗೆ ಗುಂಡಿ ತೋಡಿ, ಇದ್ದಿಲು ಉರಿಸಿ, ಹಂಡೆಗೂ ಮುಚ್ಚಳಕ್ಕೂ ಕಲಾಯಿ ಹಾಕಿಕೊಡುವನು. ನವಸಾಗರದ ಬಿಳಿ ಹೊಗೆ ಏಳುತ್ತಿದ್ದಂತೆ ಕೆಂಪು ತಾಮ್ರ ಬೆಳ್ಳಗೆ ಬೆಳದಿಂಗಳಾಗುತ್ತಿತ್ತು. ಮಗಳು ಕಸ್ತೂರಿ ಸಣ್ಣವಳಿದ್ದಾಗ ಬಿಸಿ ಆರುವುದನ್ನೇ ಕಾದಿದ್ದು ಮುಚ್ಚಳ ಎತ್ತಿಕೊಂಡು ಓಡುವಳು. ಅದರ ದುಂಡು ಹೊಟ್ಟೆಯಲ್ಲಿ ಮುಖ ನೋಡಿಕೊಂಡು, ಗಲ್ಲ ಉಬ್ಬಿಸಿ, ನಾಲಿಗೆ ಚಾಚಿ ನಗುವಳು.

“ಮಾರಿ ಸವೀತೈತಿ, ಇಡಬೇ ಕೆಳಗ,” ಎಂದು ಕಲ್ಯಾಣಮ್ಮ ಗದರುವಳು.

“ಮಾರಿ ಸವೀತದೋ, ಕಲಾಯಿ ಸವೀತದೋ?” ಎಂದು ಲಾಡ್ಲೇಸಾಬ ಕೇಳಿ, ತಾನೂ ನಗುತ್ತಿದ್ದ.

ಕಸ್ತೂರಿಯ ಮದುವೆಯಾದ ವರ್ಷವೇ ಅವನು ಕೊನೆಯ ಸಲ ಬಂದದ್ದು. ಆಮೇಲೆ ಲಡಾಯಿ ದೊಡ್ಡದಾಯಿತು. ಕಲಾಯಿಗೆ ಬೇಕಾದ ತವರ ಬರುವ ದೇಶವನ್ನು ಜಪಾನದವರು ಹಿಡಿದುಕೊಂಡಿದ್ದಾರೆ, ಇದ್ದಬದ್ದದ್ದೆಲ್ಲ ತೋಪಿಗೆ ಮದ್ದಿಗೆ ಹೋಗುತ್ತಿದೆ ಎಂದು ಸಂತೆಯಲ್ಲಿ ಮಾತಾಡಿಕೊಂಡರು. ಒಂದು ಚಳಿಗಾಲ ಕಲಾಯಿಯವನು ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಮನೆಮನೆಯ ಹೆಂಗಸರು ಸಾರು ಹುಳಿಯನ್ನು ಕಲಾಯಿ ಸವೆದ ತಾಮ್ರದಿಂದ ಮಣ್ಣಿನ ಗಡಿಗೆಗೆ ಬದಲಿಸಿಕೊಂಡರು. ಕಲ್ಯಾಣಮ್ಮನೂ ಬದಲಿಸಿದಳು. ಹೂವಿನ ಹಂಡೆಯ ಬಗ್ಗೆ ಅವಳು ಯೋಚಿಸಲಿಲ್ಲ. ನೀರು ಬೀಳುವುದು ಮಣ್ಣಿನ ಬೋಗುಣಿಗೆ. ಮುಚ್ಚಳಕ್ಕೆ ತಾಗುವುದು ಬರೀ ಆವಿ.

ಕಸ್ತೂರಿಯನ್ನು ಕೊಟ್ಟದ್ದು ಲಿಂಗಸುಗೂರಿಗೆ. ಅಳಿಯ ಬಸವಂತರಾಯನದು ಬೆಲ್ಲ ಎಣ್ಣೆಯ ಅಂಗಡಿ. ಮೆತ್ತನೆಯ ಮನುಷ್ಯ. ತಕ್ಕಡಿ ಸಮ ನಿಂತ ಮೇಲೂ ಒಂದು ಚೂರು ಬೆಲ್ಲ ಇಡುವವನು. ಮನೆಯಲ್ಲಿ ಮಾತ್ರ ಅವನ ಮಾತು ಅವನ ತಾಯಿ ನೀಲಗಂಗಮ್ಮನ ಬಾಯಲ್ಲಿತ್ತು. ಮದುವೆಯಾದ ಮೂರನೆಯ ವರ್ಷ ಕಸ್ತೂರಿ ಬಸುರಾದಳು. ಏಳನೆಯ ತಿಂಗಳಲ್ಲಿ ಕೂಸು ಹೋಯಿತು. ಬಸುರಿನಲ್ಲಿ ಮುಖದ ಮೇಲೆ ಬಂದಿದ್ದ ಕಂದು ಕಲೆಯ ಬಂಗು ಉಳಿಯಿತು.

ಸುದ್ದಿ ತಂದವಳು ಲಾಲ್‌ಬೀ. ಬಳೆ ಮಾರುತ್ತ ಮಸ್ಕಿಯಿಂದ ಲಿಂಗಸುಗೂರಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವ ಹೆಂಗಸು. ಬಳೆಯ ಮಲಾರ ಇಳಿಸುವ ಮುಂಚೆಯೇ ಶುರುಮಾಡಿದಳು.

“ಏನ್ ಹೇಳ್ಲೆವ್ವಾ ಕಲ್ಯಾಣಕ್ಕ. ಹುಡುಗಿ ಗಲ್ಲದ ಮ್ಯಾಲ ಎರಡೂ ಕಡೀಗೆ ಬಂಗು ಕೂತೈತಿ. ಬಳಿ ಇಡಿಸ್ಕೊಳ್ಳಾಕ ಕೈ ಕೊಟ್ಲು. ಮಾರಿ ಕೊಡಲಿಲ್ಲ.”

“ಅವರತ್ತಿ ಏನಂತಾರ?”

“ನೀಲಗಂಗಮ್ಮನಾ? ಆಕಿ ಏನರ ಅನ್ನಲಾರದ ಬಿಟ್ಟಾಳೇನು?” ಲಾಲ್‌ಬೀ ಸೊಂಟಕ್ಕೆ ಕೈ ಇಟ್ಟು ದನಿ ಬದಲಿಸಿದಳು. “‘ಬಂಗು ಇದ್ದ ಮಾರಿಯಾಕಿಗೆ ಕೂಸು ನಿಲ್ಲಂಗಿಲ್ಲ. ಯುಗಾದಿ ತನಕಾ ನೋಡ್ತೀನಿ. ಬಂಗು ಹೋಗಲಿ, ಇಲ್ಲಾ ಆಕಿ ಹೋಗಲಿ.’ ಹಿಂಗಂದ್ಲು, ನನ್ನ ಮುಂದನ. ಸಂತೆಕಲ್ಲೂರಾಗ ಒಂದು ಹುಡುಗೀನೂ ನೋಡಿಟ್ಟಾರಂತ ಬೇ.”

“ಅಳಿಯಂದ್ರು?”

“ಅವ್ರು ಬೆಲ್ಲ ತೂಗಾಕತ್ತಿದ್ರು.”

ಕಲ್ಯಾಣಮ್ಮ ಎದ್ದಳು. ಒಳಗೆ ಹೋಗಿ ಹಂಡೆ ಇಳಿಸಿದಳು. ಜಗತ್ತಿನಲ್ಲಿ ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ, ಮತ್ತು ಅದು ಮುಖಕ್ಕೆ ಸಂಬಂಧಪಟ್ಟದ್ದು. ದೇವರು ಬಾಗಿಲು ಪೂರ್ತಿ ಮುಚ್ಚಿಲ್ಲ ಎಂದೇ ಅವಳಿಗೆ ಅನ್ನಿಸಿತು.

ಆ ಚಳಿಗಾಲ ಗುಲಾಬಿ ಚೆನ್ನಾಗಿ ಬಿಟ್ಟಿತ್ತು. ಮಬ್ಬು ಬೆಳಕಿನಲ್ಲಿ ಇಬ್ಬನಿ ಸಮೇತ ಕಿತ್ತು ತಂದಳು. ಊರಿನವರಿಗೆ ಕೊಡುವ ನೀರು ಬಂಗಿಗೆ ಸಾಲದು, ಇನ್ನೂ ಗಟ್ಟಿ ಬೇಕು ಎಂದು ಅವಳ ಲೆಕ್ಕ. ಹಾಗಾಗಿ ಪಕಳೆಯನ್ನು ಅಂದಂದೇ ಒಲೆಗಿಡದೆ ನೀರಿನಲ್ಲಿ ನೆನೆಹಾಕಿದಳು. ಎರಡನೆಯ ದಿನಕ್ಕೆ ಗಡಿಗೆಯಿಂದ ಅಂಬಲಿಯಂಥ ಹುಳಿ ವಾಸನೆ ಏಳುತ್ತಿತ್ತು. ಹೂವು ತನ್ನ ಸತ್ವ ಬಿಡುತ್ತಿದೆ ಎಂದು ಹಿಗ್ಗಿದಳು. ಅದನ್ನು ಇಳಿಸಿ, ಬಂದ ನೀರನ್ನೇ ಮತ್ತೆ ಹಂಡೆಗೆ ಸುರಿದು, ಹೊಸ ಹೂವು ಹಾಕಿ ಇನ್ನೊಮ್ಮೆ ಇಳಿಸಿದಳು. ಬೆಂಕಿ ಆರಿದ ಮೇಲೂ ಮುಚ್ಚಳ ತೆಗೆಯಲಿಲ್ಲ. ಒಳಗಿನ ಆವಿಯೆಲ್ಲ ಇಳಿಯಲಿ, ಒಂದು ಹನಿಯೂ ಹಾಳಾಗಬಾರದು ಎಂದು ಬೆಳಗಿನ ತನಕ ಹಾಗೆಯೇ ಬಿಟ್ಟಳು.

ಅಮರಗುಂಡಪ್ಪ ಅರ್ಧ ಬುಟ್ಟಿ ಹಿಡಿದು ನಿಂತು ನೋಡಿದ. “ಮಲ್ಲಯ್ಯನ ಪಾಲೂ ನಿನ್ನ ಹಂಡ್ಯಾಗ ಹೋಗಾಕತ್ತೈತಿ. ನಾ ಲಿಂಗಕ್ಕ ಏನು ಏರಿಸ್ಲಿ, ನನ್ನ ತಲೀ ಮ್ಯಾಲಿನ ಪಟಗಾನ?”

“ಮಲ್ಲಯ್ಯ ಒಂದು ವರ್ಷ ಬಿಲ್ಪತ್ರಿ ಮ್ಯಾಲ ಇರ್ತಾನ. ಮಗಳು ಇರಂಗಿಲ್ಲ.”

ಅವನು ಬುಟ್ಟಿ ಎತ್ತಿ ಗುಡ್ಡದ ಕಡೆ ನಡೆದ. ಮರುದಿನದಿಂದ ತಾನೇ ಗುಲಾಬಿಯನ್ನು ಬೇರೆ ತೆಗೆದು ಅವಳ ಮೊರಕ್ಕೆ ಸುರಿದು ಹೋಗತೊಡಗಿದ.

ಬೆಳಗ್ಗೆ ಹಿಟ್ಟಿನ ಮೆತ್ತಿಗೆ ಒಡೆದು, ಬೋಗುಣಿಯನ್ನು ಹೊರಗೆ ಬೆಳಕಿಗೆ ತಂದು ಕಲ್ಯಾಣಮ್ಮ ಬಗ್ಗಿ ನೋಡಿದಳು. ನೀರಿನ ಮೇಲೆ ಒಂದು ಮಿಂಚಿತ್ತು. ನವಿಲಿನ ಕೊರಳಿನಂತೆ, ತಿಳಿ ಹಸಿರೋ ನೀಲಿಯೋ ಹೇಳಲಾಗದ ಬಣ್ಣ. ಬೋಗುಣಿ ಅಲುಗಿಸಿದರೆ ತಾನೂ ಅಲುಗುತ್ತಿತ್ತು.

ರೂಹ್.

ಅವಳು ಗುಲ್ಷನ್‌ಬೀಯನ್ನು ನೆನೆಸಿಕೊಂಡಳು. ಅಂಗಳದಲ್ಲೇ ಕೂತು ಕಣ್ಣೀರು ಒರೆಸಿಕೊಂಡಳು. ಇಷ್ಟು ವರ್ಷ ಬಾರದ್ದು ಮಗಳಿಗೆ ಬೇಕಾದಾಗ ಬಂದಿತು. ಬಾಟಲಿಗೆ ತುಂಬಿ, ಬಾಯಿಗೆ ಜೇನುಮೇಣ ಹಚ್ಚಿ, ಬಟ್ಟೆ ಸುತ್ತಿ ಲಾಲ್‌ಬೀಯ ಮಲಾರದಲ್ಲಿ ಬಳೆಗಳ ನಡುವೆ ಇಟ್ಟಳು. ಯಾರಿಗೂ ಅದರಲ್ಲಿ ಒಂದು ಹನಿ ಕೊಡಲಿಲ್ಲ.

ಮುಂದಿನ ಸಂತೆಗೆ ಲಾಲ್‌ಬೀ ಖಾಲಿ ಬಾಟಲಿ ತಂದಳು. “ಉರಿತೈತಂತ ಬೇ ಅಕ್ಕ. ಕೇಳಿ ಬಾ ಅಂದಾಳ.”

ಕಲ್ಯಾಣಮ್ಮ ಬಾಟಲಿ ತೆಗೆದುಕೊಂಡಳು. ಮದರಂಗಿಯೂ ಮೊದಲು ಚುರುಗುಡುತ್ತದೆ. ಗಾಯಕ್ಕೆ ಹಾಕುವ ಸುಣ್ಣವೂ ಉರಿಯುತ್ತದೆ. “ಉರಿದ್ರ ಕೆಲಸ ಮಾಡಾಕತ್ತೈತಿ ಅಂತ ಹೇಳು. ಬಿಡಬ್ಯಾಡ ಅನ್ನು. ಇನ್ನೊಂದು ಕೊಡ್ತೀನಿ, ಗಟ್ಟೀದು.”

ಎರಡನೆಯ ಬಾಟಲಿ ಹೋಯಿತು. ಶಿವರಾತ್ರಿ ಕಳೆದು ಗುಲಾಬಿ ಮುಗಿಯುತ್ತ ಬಂದಾಗ ಮೂರನೆಯದು ಹೋಯಿತು. ಅದರ ಮಿಂಚು ಎಲ್ಲಕ್ಕಿಂತ ದಟ್ಟವಾಗಿತ್ತು.

ಮೂರನೆಯದು ಹೋದ ದಿನವೇ ಬೇವಿನ ಗಿಡದ ಕೆಳಗೆ ಲಾಡ್ಲೇಸಾಬ ಕೂತಿದ್ದ. ತಿದಿ ಇತ್ತು. ತವರ ಇರಲಿಲ್ಲ. ತೂತು ಬಿದ್ದ ಕೊಡಕ್ಕೆ ತೇಪೆ ಹಾಕುತ್ತ ಊರೂರು ತಿರುಗುತ್ತಿದ್ದ. ಕಲ್ಯಾಣಮ್ಮ ಮುಚ್ಚಳ ಹಿಡಿದುಕೊಂಡೇ ಹೊರಗೆ ಬಂದಳು.

“ಸಾಬ್ರ, ಎಲ್ಲಿ ಹೋಗಿದ್ರಿ? ಹಂಡೆಗೆ ಕಲಾಯಿ ಇಲ್ಲದ ವರ್ಷಗಟ್ಲೆ ಆತು.”

“ಕಲಾಯಿ ಎಲ್ಲಿಂದ ತರ್ಲೆವ್ವಾ? ಲಡಾಯಿ ಮುಗಿಯೋತನಕ ನಾ ಬರೇ ಗಾಳಿ ಊದಾವ.” ಅವನು ನಗುತ್ತ ಮುಚ್ಚಳ ತೆಗೆದುಕೊಂಡು, ಹಳೆಯ ಅಭ್ಯಾಸದಂತೆ ಅದರ ಹೊಟ್ಟೆಯನ್ನು ಬಿಸಿಲಿಗೆ ತಿರುವಿದ. ನಗು ನಿಂತಿತು. “ಇದರಾಗ ಏನ್ ಹುಳಿ ಕಾಯಿಸಾಕತ್ತೀರಿ ತಾಯಿ?”

“ಹುಳಿ ಎಲ್ಲಿದು? ಹೂವಿಂದು ಅದು. ಗುಲಾಬಿ.”

ಅವನು ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಕೆರೆದು ಕೈ ಮುಂದೆ ಚಾಚಿದ. ಉಗುರಿನಲ್ಲಿ ನವಿಲಿನ ಕೊರಳಿನ ಬಣ್ಣ ಕೂತಿತ್ತು. “ಕಲಾಯಿ ಎಂದೋ ಹೋಗೈತಿ. ಇದು ಜಂಗಾರ. ನೀವು ಕಿಲುಬು ಅಂತೀರಲ್ಲ, ಅದು. ನೆನೆಸಿದ ಹೂವು ಹುಳಿ ಹಿಡದಿರಬೇಕು. ಹುಳಿ ಆವಿ ಬರೇ ತಾಮ್ರಾನ ತಿಂದೈತಿ.”

“ಅದು ರೂಹ್,” ಎಂದಳು ಕಲ್ಯಾಣಮ್ಮ.

ಲಾಡ್ಲೇಸಾಬ ನಗಲು ಹೋದವನು ಅವಳ ಮುಖ ನೋಡಿ ತಡೆದ. “ರೂಹ್‌ಗೆ ಬಣ್ಣ ಇರಂಗಿಲ್ಲ ತಾಯಿ,” ಎಂದ ಮೆಲ್ಲಗೆ. “ಯಾರರ ಹಚ್ಚಿಕೊಂಡಾರೇನು?”

ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ ಇಡಬಾರದು, ಹುಣಸೆಹಣ್ಣು ಕಿವುಚಬಾರದು. ಮಗಳಿಗೆ ಇದನ್ನು ಕಲಿಸಿದವಳು ಕಲ್ಯಾಣಮ್ಮನೇ. ಊರಿನ ಯಾವ ಹುಡುಗಿಗೂ ಅದು ಗೊತ್ತು. ಆದರೆ ಹೂವನ್ನು ಅವಳು ಎಂದೂ ಹುಳಿಯ ಸಾಲಿಗೆ ಸೇರಿಸಿರಲಿಲ್ಲ. ಅವಳು ಮುಚ್ಚಳವನ್ನು ವಾಪಸು ತೆಗೆದುಕೊಳ್ಳದೆ ನಿಂತಲ್ಲಿಂದಲೇ ಬಸ್ಸಿನ ದಾರಿ ಹಿಡಿದಳು.

ಲಡಾಯಿಯಿಂದ ಪೆಟ್ರೋಲ್ ಸಿಗದೆ ಇದ್ದಿಲಿನ ಹೊಗೆಯ ಮೇಲೆ ಓಡುವ ಬಸ್ಸು ದಿಬ್ಬ ಬಂದಲ್ಲೆಲ್ಲ ನಿಲ್ಲುತ್ತಿತ್ತು. ಜನ ಇಳಿದು ದೂಡಿದರು. ಕಲ್ಯಾಣಮ್ಮನೂ ಇಳಿದು ದೂಡಿದಳು. ಹಿಂದಿನಿಂದ ಯಾರೋ, “ಅವ್ವಾ, ನೀವು ಬಿಡ್ರಿ, ಗಂಡಸರದೀವಿ” ಎಂದರೂ ಬಿಡಲಿಲ್ಲ. ಅವಳ ಹಿಂದೆ ಮುಂದೆ ಹೊಲಗಳಲ್ಲಿ ಬಿಳಿಜೋಳ ಕೊಯ್ದು ಸೂಡು ಹಾಕಿದ್ದರು. ಏನೂ ಅವಳ ಕಣ್ಣಿಗೆ ಬೀಳಲಿಲ್ಲ.

ಕರೆಯದೆ ಬೀಗರ ಮನೆಗೆ ಹೋಗುವುದಿಲ್ಲ. ಮೊಮ್ಮಗು ಹುಟ್ಟುವ ತನಕ ತಾಯಿ ಮಗಳ ಮನೆಯಲ್ಲಿ ನೀರೂ ಕುಡಿಯುವುದಿಲ್ಲ. ನೀಲಗಂಗಮ್ಮ ಬಾಗಿಲಲ್ಲಿ ನಿಂತು ಇದನ್ನೇ ಹಿಡಿದಳು.

“ಬರ್ರಿ ಬೀಗತೆವ್ವ. ಕರೀದ ಬಂದೀರಿ. ನೀರು ಕುಡಿಯಂಗಿಲ್ಲ, ಉಣ್ಣಂಗಿಲ್ಲ. ಹಂಗಾರ ನಿಮ್ಮ ಮುಂದ ಏನು ತಂದಿಡ್ಲಿ?”

“ಕಸ್ತೂರಿ ಎಲ್ಲಿ?”

ಕಸ್ತೂರಿ ಹಿತ್ತಲ ಬಾಗಿಲಿನಿಂದ ಬಂದಳು. ಒದ್ದೆ ಮುಖ, ಕೈಯಲ್ಲಿ ಮೂರನೆಯ ಬಾಟಲಿ. ಲಾಲ್‌ಬೀ ಕೊಟ್ಟು ಹೋಗಿ ಸ್ವಲ್ಪ ಹೊತ್ತೂ ಆಗಿರಲಿಲ್ಲ. ತಾಯಿಯನ್ನು ನೋಡಿ ನಗಲು ಹೋದಳು, ತುಟಿಯ ಪಕ್ಕದ ಚರ್ಮ ಬಿಗಿದು ನಗು ಅರ್ಧಕ್ಕೆ ನಿಂತಿತು. ಗಲ್ಲದ ಮೇಲೆ ಸಿಪ್ಪೆ ಎದ್ದಿತ್ತು. ಕಣ್ಣಿನ ಕೆಳಗೆ ಊದಿತ್ತು. ಸಿಪ್ಪೆ ಎದ್ದಲ್ಲೆಲ್ಲ ಬಂಗು ಮೊದಲಿಗಿಂತ ಕಪ್ಪಾಗಿ, ಮಳೆಗೆ ನೆನೆದ ಎರೆಮಣ್ಣಿನ ಹಾಗೆ ಕಾಣುತ್ತಿತ್ತು.

“ಅವ್ವಾ, ಈಗ ಹಚ್ಚಿಕೊಂಡೆ ನೋಡು. ಉರಿ ಬಾಳ ಬೇ. ಆದ್ರ ನೀ ಹೇಳಿ ಕಳಿಸಿದ್ದಿಯಲ್ಲ, ಉರಿದ್ರ ಕೆಲಸ ಮಾಡಾಕತ್ತೈತಿ ಅಂತ? ಅದಕ್ಕ ಮೂರೂ ಹೊತ್ತು ಹಚ್ಚಾಕತ್ತೀನಿ. ಸಿಪ್ಪಿ ಉದುರಿದ ಮ್ಯಾಲ ಒಳಗಿಂದ ತಿಳಿ ಬರ್ತದ, ಹೌದಿಲ್ಲ?”

ಕಲ್ಯಾಣಮ್ಮ ಬಾಟಲಿಗೆ ಕೈ ಚಾಚಿದಳು. ಕೈಗೆ ಬಂದದ್ದನ್ನು ಕೈಯಿಂದ ಬಿಟ್ಟಳು. ಕಡಪದ ಕಲ್ಲಿನ ಮೇಲೆ ಅದು ಒಡೆದು, ಇಡೀ ಪಡಸಾಲೆ ಗುಲಾಬಿಯಾಯಿತು.

“ಅಯ್ಯೋ ಅವ್ವಾ!” ಕಸ್ತೂರಿ ನೆಲಕ್ಕೆ ಕೂತುಬಿಟ್ಟಳು. ಗಾಜು ಸರಿಸಿ, ಅಂಗೈಯಿಂದ ನೀರನ್ನು ಬಳಿದು ಬಳಿದು ಗಲ್ಲಕ್ಕೆ ಒರೆಸಿಕೊಳ್ಳತೊಡಗಿದಳು.

ತಾಯಿ ಅವಳ ಮುಂಗೈ ಹಿಡಿದಳು. “ಹಚ್ಚಬ್ಯಾಡ.”

“ಯಾಕವ್ವಾ? ಯುಗಾದಿ ಎಷ್ಟು ದಿನ ಐತಿ?”

“ನೆಲದಾಗ ಬಿದ್ದದ್ದು ಹೊಲಸು.”

“ಹಂಗಾರ ಗೂಡಿನಾಗ ಎರಡನೇ ಬಾಟಲ್ಯಾಗಿಂದು ಇನ್ನೂ ಚೂರು ಐತಿ. ಅದನ್ನ ಹಚ್ಚಿಕೊಳ್ತೀನಿ,” ಎಂದು ಕಸ್ತೂರಿ ಏಳಲು ಹೋದಳು.

ಕಲ್ಯಾಣಮ್ಮ ಮುಂಗೈ ಬಿಡಲಿಲ್ಲ. ಅತ್ತೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಹೇಳಿದರೆ ಏನಾಗುತ್ತದೆಂದು ಕಲ್ಯಾಣಮ್ಮನಿಗೆ ಗೊತ್ತಿತ್ತು. ಹೇಳದಿದ್ದರೆ ಏನಾಗುತ್ತದೆಂದು ಕಣ್ಣ ಮುಂದೆಯೇ ಇತ್ತು.

“ಅದರಾಗ ಕಿಲುಬು ಐತಿ,” ಎಂದಳು. “ನನ್ನ ಮುಚ್ಚಳದ್ದು. ಕಲಾಯಿ ಹೋಗಿತ್ತು, ನಾ ನೋಡಲಿಲ್ಲ. ನಿನ್ನ ಮಾರಿ ಸುಟ್ಟಿದ್ದು ನನ್ನ ನೀರ.”

ಕಸ್ತೂರಿ ಅಂಗೈಯನ್ನು ಹಾಗೆಯೇ ಹಿಡಿದುಕೊಂಡು ಕೂತಳು. ಬೆರಳ ಸಂದಿಯಿಂದ ನೀರು ಸೋರಿತು.

ನೀಲಗಂಗಮ್ಮ ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಒಂದು ತಂಬಿಗೆ ನೀರು, ಸಣ್ಣ ಬಟ್ಟಲಲ್ಲಿ ಬೆಣ್ಣೆ ಇದ್ದವು. ಸೊಸೆಯ ಮುಖವನ್ನು ತಾನೇ ತೊಳೆದಳು. ಬೆಣ್ಣೆ ಸವರಿದಳು. ಕೈ ಒರಟಾಗಿರಲಿಲ್ಲ. ಆಮೇಲೆ ಎದ್ದು ನಿಂತು ಬೀಗತಿಯನ್ನು ನೋಡಿದಳು.

“ನನ್ನ ಬಾಯಿ ಕೆಟ್ಟದ್ದು ಅಂತ ಮಸ್ಕಿ ತನಕಾ ಹೇಳ್ತಾರ. ಇರಬಹುದು. ಆದ್ರ ಬಾಯಿ ಚರ್ಮ ಸುಡಂಗಿಲ್ಲ, ಬೀಗತೆವ್ವ.” ಸ್ವಲ್ಪ ತಡೆದು, “ಕರಕೊಂಡು ಹೋಗ್ರಿ. ಮಾರಿ ಮಾದ ಮ್ಯಾಲ ನೋಡೋಣು,” ಎಂದಳು.

ಬಸ್ಸಿಗೆ ಹೋಗುವ ದಾರಿಯಲ್ಲಿ ಅಂಗಡಿ ಇತ್ತು. ಬಸವಂತರಾಯ ಎದ್ದು ನಿಂತ. ಹೆಂಡತಿಯ ಮುಖದ ಮೇಲೆ ಸೆರಗಿತ್ತು. ಅವನು ಒಂದು ಹೆಜ್ಜೆ ಕೆಳಗಿಳಿದ. ಯಾರೋ ಗಿರಾಕಿ ಕೂಗಿದರು. ಮತ್ತೆ ಮೇಲೆ ಹತ್ತಿ ತಕ್ಕಡಿ ಹಿಡಿದ.

ಬಸ್ಸಿನಲ್ಲಿ ಕಸ್ತೂರಿ ಹೊರಗೆ ನೋಡುತ್ತ ಕೂತಿದ್ದಳು. ಮಸ್ಕಿಯ ಗುಡ್ಡ ಕಾಣತೊಡಗಿದ ಮೇಲೆ ಒಂದೇ ಮಾತು ಕೇಳಿದಳು.

“ನಿನಗ ಗೊತ್ತಿರಲಿಲ್ಲ. ಹೌದಿಲ್ಲವ್ವಾ?”

“ಗೊತ್ತಿರಲಿಲ್ಲ.”

“ಹಂಗಾರ ಆತು.”

ಏನು ಆಯಿತು ಎಂದು ಕಲ್ಯಾಣಮ್ಮನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯ ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಉರಿ ಇಳಿಯಿತು. ಸಿಪ್ಪೆ ಉದುರಿತು. ಕಪ್ಪು ಉಳಿಯಿತು. ಯುಗಾದಿಗೆ ಲಿಂಗಸುಗೂರಿನಿಂದ ಯಾರೂ ಬರಲಿಲ್ಲ. ಅಮರಗುಂಡಪ್ಪ ಒಂದು ದಿನ ಮಲ್ಲಿಗೆಯ ಮಾಲೆ ಕಟ್ಟಿಕೊಂಡು ತಾನೇ ಹೋದ. ಬೀಗರ ಮನೆಯ ಜಗುಲಿಯಲ್ಲಿ ಕೂತ. ಊಟಕ್ಕೆ ಏಳಿ ಎಂದರು, ಉಂಡ. ಮಗಳ ಮಾತು ಎತ್ತಲು ಬಾಯಿ ಬರಲಿಲ್ಲ. ಬಾಡಿದ ಮಾಲೆಯನ್ನು ಪಟಗದ ತುದಿಯಲ್ಲಿ ಕಟ್ಟಿಕೊಂಡು ವಾಪಸು ಬಂದ.

“ಏನಂದ್ರು?” ಎಂದಳು ಕಲ್ಯಾಣಮ್ಮ.

“ಬಿಸಲು ಬಾಳ ಅಂದ್ರು.”

ಮಳೆ ಬಿದ್ದು ಬಿತ್ತನೆಯಾದ ಮೇಲೆ ಲಾಲ್‌ಬೀ ಬಂದಳು. ಆ ಸಲ ಬಾಗಿಲಿನಿಂದ ಮಾತು ಶುರುಮಾಡಲಿಲ್ಲ. ಮಲಾರ ಇಳಿಸಿ, ಕಸ್ತೂರಿಯ ಕೈ ಎಳೆದುಕೊಂಡು, ಒಂದೊಂದೇ ಬಳೆ ಏರಿಸುತ್ತ ಬಹಳ ಹೊತ್ತು ತಲೆ ಎತ್ತಲಿಲ್ಲ.

“ಹೇಳು ಲಾಲ್‌ಬೀ,” ಎಂದಳು ಕಸ್ತೂರಿ ತಾನೇ.

“ನನ್ನ ಕೈ ಮುರೀಲಿ ಬೇ ತಂಗಿ. ಕರದ್ರು, ಹೋದೆ. ಸಂತೆಕಲ್ಲೂರ ಹುಡುಗಿಗೆ ಮದುವಿ ಹಸರ ಬಳಿ ಇಡಿಸಿ ಬಂದೆ.”

“ಕೈ ಹೆಂಗದಾವ ಆಕಿವು?”

“ಸಣ್ಣವು. ಕೂಸಿನಂಥವು.”

ಕಸ್ತೂರಿ ತಲೆ ಆಡಿಸಿದಳು. ಇನ್ನೊಂದು ಕೈ ಚಾಚಿದಳು. ಒಳಗೆ ಜೋಳ ಬೀಸುತ್ತಿದ್ದ ಕಲ್ಯಾಣಮ್ಮ ಕೇಳಿಸಿಕೊಂಡಳು. ಬೀಸುಕಲ್ಲು ನಿಲ್ಲಿಸಿದರೆ ಮಗಳಿಗೆ ಗೊತ್ತಾಗುತ್ತದೆಂದು, ಕಾಳಿಲ್ಲದಿದ್ದರೂ ತಿರುವುತ್ತಲೇ ಇದ್ದಳು.

ಮತ್ತೆ ಚಳಿಗಾಲ ಬಂತು, ಗುಲಾಬಿ ಬಿಟ್ಟಿತು. ಹೂವೆಲ್ಲ ಮಲ್ಲಯ್ಯನಿಗೇ ಹೋಯಿತು. ಹೆಂಗಸರು ಬಾಟಲಿ ಹಿಡಿದು ಬಂದರೆ ಕಲ್ಯಾಣಮ್ಮ ಹಂಡೆ ತೂತು ಬಿದ್ದಿದೆ ಎನ್ನುವಳು. ಮುಚ್ಚಳವನ್ನು ಲಾಡ್ಲೇಸಾಬ ಅಂದೇ ಕಟ್ಟೆಯ ಮೇಲೆ ಇಟ್ಟು ಹೋಗಿದ್ದ. ಅದು ಹಿತ್ತಲ ಗೋಡೆಗೆ ಒರಗಿ ಬಿದ್ದಿತ್ತು. ಕಸ್ತೂರಿ ಹೂವು ಕೀಳುವಳು, ಮಾಲೆ ಕಟ್ಟುವಳು. ಗುಡ್ಡಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಮನೆಯಲ್ಲಿದ್ದ ಸಣ್ಣ ಕನ್ನಡಿ ಎಲ್ಲಿ ಹೋಯಿತೆಂದು ಅವಳು ಕೇಳಲಿಲ್ಲ. ಅದನ್ನು ಜೋಳದ ಗುಮ್ಮಿಯಲ್ಲಿ ಹೂತಿಟ್ಟ ತಾಯಿ ಹೇಳಲೂ ಇಲ್ಲ.

ಲಡಾಯಿ ಮುಗಿಯಿತು ಎಂದು ಡಂಗುರ ಸಾರಿದ ಮೇಲೆ ಒಂದು ಮುಂಜಾನೆ ಬೇವಿನ ಗಿಡದ ಕೆಳಗೆ ಬಿಳಿ ಹೊಗೆ ಎದ್ದಿತು. ಲಾಡ್ಲೇಸಾಬ ಯಾರನ್ನೂ ಕೇಳದೆ ಹಿತ್ತಲಿಗೆ ಬಂದು ಮುಚ್ಚಳ ಎತ್ತಿಕೊಂಡು ಹೋದ. ಮರಳು ಹಾಕಿ ತಿಕ್ಕಿದ. ಹಸಿರು ಹೋಗಿ ಕೆಂಪು ಬಂತು. ಕೆಂಪಿನ ಮೇಲೆ ಕಲಾಯಿ ಹರಿದು ಬೆಳ್ಳಗಾಯಿತು. ಆರಿದ ಮೇಲೆ ತಂದು ಕಲ್ಯಾಣಮ್ಮನ ಕೈಗೆ ಕೊಟ್ಟು, ಏನನ್ನೂ ತೆಗೆದುಕೊಳ್ಳದೆ ಹೋದ.

ಅವಳು ಅದನ್ನು ಪಡಸಾಲೆಗೆ ತಂದು, ಹೊಳೆಯುವ ಹೊಟ್ಟೆಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು.

ಕಸ್ತೂರಿ ಮಾಲೆ ಕಟ್ಟುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, “ತಿರುವವ್ವಾ ಅದನ್ನ,” ಎಂದಳು.

“ಇನ್ನೂ ಬಿಸಿ ಐತಿ.”

“ಆರೈತಿ. ತಿರುವು.”

ಕಲ್ಯಾಣಮ್ಮ ಅಲ್ಲಾಡಲಿಲ್ಲ. ಕಸ್ತೂರಿಯೇ ಎದ್ದು ಬಂದಳು. ಮುಚ್ಚಳ ತಿರುವಿ, ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಬೆಳಕಿಗೆ ಹೋಗಿ ನಿಂತಳು. ಬಹಳ ಹೊತ್ತು ನೋಡಿದಳು. ಗಲ್ಲ ಉಬ್ಬಿಸಲಿಲ್ಲ, ನಗಲಿಲ್ಲ. ಒಂದು ಬೆರಳನ್ನು ಹೊಳಪಿನ ಮೇಲೆ ಎಳೆದು, ಉಗುರಿನ ತುದಿ ನೋಡಿಕೊಂಡಳು.

“ಕಲಾಯಿ ಚಲೋ ಕೂತೈತಿ,” ಎಂದಳು.

ಮುಚ್ಚಳವನ್ನು ತಂದು ಹಂಡೆಯ ಬಾಯಿಗೆ ಅಂಗಾತ ಇಟ್ಟು, ಕೊಡ ಎತ್ತಿಕೊಂಡು ಬಾವಿಗೆ ಹೊರಟಳು. ಒಲೆಗೆ ಕುಳ್ಳು ಇಡಬೇಕೋ ಬೇಡವೋ ತಿಳಿಯದೆ ಕಲ್ಯಾಣಮ್ಮ ಅಲ್ಲೇ ನಿಂತಿದ್ದಳು.